ಕೋವಿ ಯಾಕೆ ಬೇಕು ಎಂದು ಕೇಳುವವರು ಯಾರು?

(ತೀರ್ಥಹಳ್ಳಿ ಹತ್ತಿರದ ನಮ್ಮೂರಿನ ಸಮುದಾಯ ಭವನದಲ್ಲಿ ಅಮೆರಿಕದ ಬಂದೂಕು ಜಗಳದ ಬಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಒಂದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಎಷ್ಟೋ ಜನರ ಮನೆಯಲ್ಲಿ ಕೋವಿ ಇದೆ. ನಮ್ಮ ಮನೆಯಲ್ಲೂ ಇತ್ತು. ಅಪ್ಪಯ್ಯನ ಜೋಡುನಳಿಗೆ ಕೋವಿ. ನಡುಮನೆಯ ಮರದ ಬೀರುವಿನಲ್ಲಿ ಇರುತ್ತಿತ್ತು, ಬೀರುವಿನ ಕೀಲಿ ಅಪ್ಪಯ್ಯನ ಉಡಿದಾರದಲ್ಲಿ. ಎಳೆ ಅಡಿಕೆ ಉದುರಿಸುವ ಮಂಗಗಳು ತೋಟಕ್ಕೆ ಇಳಿದಾಗ, ಕೊಯ್ಲಿಗೆ ಮುಂಚೆ ಹಂದಿಗಳು ಗದ್ದೆಗೆ ನುಗ್ಗಿದಾಗ ಕೋವಿ ಹೊರಗೆ ಬರುತ್ತಿತ್ತು. ಹಾರಿಸಿದ ಈಡುಗಳಲ್ಲಿ ಹೆಚ್ಚಿನವು ಆಕಾಶಕ್ಕೇ ಹೋದವು. ಅವರಿಗೆ ಬೇಕಿದ್ದದ್ದು ಶಬ್ದ. ಚುನಾವಣೆ ಘೋಷಣೆಯಾದ ಕೂಡಲೇ ಕೋವಿಯನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ಠಾಣೆಗೆ ಹೋಗಿ ಠೇವಣಿ ಇಟ್ಟು ರಸೀದಿ ತರಬೇಕು. ಫಲಿತಾಂಶ ಬರುವವರೆಗೆ ತೋಟ ಕಾಯುವವರು ಯಾರು ಎಂದು ಅಪ್ಪಯ್ಯ ಪ್ರತಿ ಸಲವೂ ಗೊಣಗುತ್ತಿದ್ದರು. ಗೊಣಗಿಕೊಂಡೇ ಹೋಗಿ ಇಟ್ಟು ಬರುತ್ತಿದ್ದರು.

ಅವರು ತೀರಿಕೊಂಡ ಮೇಲೆ ಹಳೆಯ ಕಾಗದಗಳನ್ನು ನೋಡುವಾಗ ಅವರ ಲೈಸೆನ್ಸ್ ಅರ್ಜಿಯ ಒಂದು ಪ್ರತಿ ಸಿಕ್ಕಿತು. ಆಯುಧ ಯಾತಕ್ಕಾಗಿ ಬೇಕು ಎಂಬ ಅಂಕಣದ ಮುಂದೆ ನೀಲಿ ಶಾಯಿಯಲ್ಲಿ ಎರಡೇ ಪದ: ಬೆಳೆ ರಕ್ಷಣೆಗಾಗಿ. ಅದನ್ನು ನಂಬುವ ಮೊದಲು ಪೊಲೀಸರು ಮನೆಗೆ ಬಂದು ಹೋಗಿದ್ದರು, ಪಹಣಿ ನೋಡಿದ್ದರು, ಅಕ್ಕಪಕ್ಕದವರನ್ನು ವಿಚಾರಿಸಿದ್ದರು. ಲೈಸೆನ್ಸ್ ಕೈಗೆ ಬರಲು ತಿಂಗಳುಗಳೇ ಹಿಡಿದಿದ್ದವು.

ನಾನು 16 ವರ್ಷ ಅಮೆರಿಕದ ಟೆಕ್ಸಾಸ್‌ನಲ್ಲಿದ್ದೆ. ಅಲ್ಲಿ ಸೈನಿಕರ ಬಂದೂಕಿನ ಮಾದರಿಯ ರೈಫಲ್‌ಗಳನ್ನು ಸಾಮಾನ್ಯ ಜನ ಇಟ್ಟುಕೊಳ್ಳಬಹುದೇ ಎಂಬ ಜಗಳ ಮೂರೂವರೆ ದಶಕದಿಂದ ನಡೆಯುತ್ತಿದೆ. ಅದರ ಬಗ್ಗೆ ಮಾತನಾಡಿ ಎಂದು ನೀವು ಕರೆದಾಗ ನನಗೆ ಮೊದಲು ನೆನಪಾದದ್ದು ಅಪ್ಪಯ್ಯನ ಅರ್ಜಿಯ ಆ ಅಂಕಣ. ಅಮೆರಿಕದ ಅಂಗಡಿಯಲ್ಲಿ ಬಂದೂಕು ಕೊಳ್ಳುವವರೂ ಒಂದು ಫಾರಂ ತುಂಬಬೇಕು. ಅದರ ಸಂಖ್ಯೆ 4473. ನಿಮಗೆ ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ, ಮಾದಕ ವಸ್ತು ಸೇವಿಸುತ್ತೀರಾ, ಹೆಂಡತಿ ಮಕ್ಕಳನ್ನು ಹೊಡೆದ ಪ್ರಕರಣ ಇದೆಯೇ ಎಂದೆಲ್ಲ ಅದರಲ್ಲಿ ಕೇಳುತ್ತಾರೆ. ಆಮೇಲೆ ಅಂಗಡಿಯವನು ಎಫ್‌ಬಿಐ ನಡೆಸುವ ತಪಾಸಣಾ ವ್ಯವಸ್ಥೆಗೆ ಹೆಸರು ಕಳುಹಿಸುತ್ತಾನೆ. 1998ರಿಂದ ಇರುವ ವ್ಯವಸ್ಥೆ ಇದು. ಬಹಳಷ್ಟು ಸಲ ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಒಂದೇ ರಾಜ್ಯದ ಇಬ್ಬರು ಖಾಸಗಿಯಾಗಿ ಕೊಟ್ಟು ತೆಗೆದುಕೊಂಡರೆ ಕೇಂದ್ರದ ಕಾನೂನಿನ ಪ್ರಕಾರ ಅಷ್ಟೂ ಬೇಕಿಲ್ಲ. ಯಾಕೆ ಬೇಕು ಎಂಬ ಅಂಕಣ ಆ ಫಾರಂನಲ್ಲಿ ಇಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಈ ಇಲ್ಲದ ಅಂಕಣದ ಕಥೆ.

ಮೊದಲು ಆ ರೈಫಲ್ ಎಂಥದು ಎಂದು ನೋಡೋಣ. ನಿಮ್ಮ ಜೋಡುನಳಿಗೆಯಲ್ಲಿ ಎರಡು ತೋಟಾ. ಎರಡು ಈಡು ಆದ ಮೇಲೆ ಮಡಚಿ, ಖಾಲಿ ತೋಟಾ ತೆಗೆದು, ಹೊಸದು ಹಾಕಬೇಕು. ಕೇಪಿನ ಕೋವಿಯಾದರೆ ಮದ್ದು, ಚರೆ, ಗಜ ಎಂದು ಇನ್ನೂ ಹೊತ್ತು. ಎಆರ್-15 ಎಂಬ ರೈಫಲ್‌ನಲ್ಲಿ ಸಾಮಾನ್ಯವಾಗಿ 30 ಗುಂಡುಗಳ ಮ್ಯಾಗಜೀನ್, ಅಂದರೆ ಗುಂಡು ತುಂಬಿಡುವ ಪೆಟ್ಟಿಗೆ, ಇರುತ್ತದೆ. ಟ್ರಿಗರ್ ಒಮ್ಮೆ ಎಳೆದರೆ ಒಂದು ಗುಂಡು. ಮುಂದಿನ ಗುಂಡು ತಾನಾಗಿಯೇ ಬಂದು ಕೂರುತ್ತದೆ. ಬೆರಳು ಎಷ್ಟು ಬೇಗ ಆಡುತ್ತದೋ ಅಷ್ಟು ಬೇಗ ಗುಂಡು ಹೋಗುತ್ತದೆ. ಮ್ಯಾಗಜೀನ್ ಖಾಲಿಯಾದರೆ ಕಳಚಿ ಇನ್ನೊಂದು ಸಿಕ್ಕಿಸಲು ಕೆಲವೇ ಸೆಕೆಂಡು ಸಾಕು. ಇದನ್ನು ಸೆಮಿ ಆಟೋಮ್ಯಾಟಿಕ್ ಎನ್ನುತ್ತಾರೆ. ಟ್ರಿಗರ್ ಒತ್ತಿ ಹಿಡಿದರೆ ಗುಂಡಿನ ಮಳೆ ಸುರಿಯುವ ಮಷಿನ್‌ಗನ್ ಬೇರೆ. ಅದರ ಮೇಲೆ ಅಮೆರಿಕ 1934ರಲ್ಲೇ ಭಾರಿ ತೆರಿಗೆ ಹಾಕಿತು. 1986ರ ನಂತರ ತಯಾರಾದ ಮಷಿನ್‌ಗನ್‌ಗಳನ್ನು ಜನಸಾಮಾನ್ಯರು ಕೊಳ್ಳುವಂತೆಯೇ ಇಲ್ಲ. ಬಂದೂಕಿನ ವಿಷಯದಲ್ಲಿ ಅಮೆರಿಕನ್ನರು ಯಾವ ಗೆರೆಯನ್ನೂ ಒಪ್ಪುವುದಿಲ್ಲ ಎಂದು ನಮ್ಮಲ್ಲಿ ಹೇಳುವುದುಂಟು. ಅದು ಸರಿಯಲ್ಲ. ಒಂದು ಗೆರೆ ಎಳೆದಾಗಿದೆ, ಒಪ್ಪಿದ್ದೂ ಆಗಿದೆ. ಜಗಳ ಇರುವುದು ಎರಡನೆಯ ಗೆರೆಯ ಬಗ್ಗೆ.

ಈ ರೈಫಲ್ ರೂಪಿಸಿದವನು ಯೂಜೀನ್ ಸ್ಟೋನರ್, 1950ರ ದಶಕದಲ್ಲಿ, ಆರ್ಮಲೈಟ್ ಎಂಬ ಕ್ಯಾಲಿಫೋರ್ನಿಯಾದ ಚಿಕ್ಕ ಕಂಪನಿಯಲ್ಲಿ. ಎಆರ್ ಎಂಬ ಅಕ್ಷರಗಳು ಬಂದದ್ದು ಆ ಕಂಪನಿಯ ಹೆಸರಿನಿಂದ. ಮರ ಮತ್ತು ಉಕ್ಕಿನ ಬದಲು ಅಲ್ಯೂಮಿನಿಯಂ, ಪ್ಲಾಸ್ಟಿಕ್ ಬಳಸಿದ್ದರಿಂದ ಹಗುರ. ಗುಂಡೂ ಚಿಕ್ಕದು, ಆದ್ದರಿಂದ ಸೈನಿಕ ಹೆಚ್ಚು ಗುಂಡು ಹೊರಬಹುದು. 1959ರಲ್ಲಿ ಕೋಲ್ಟ್ ಕಂಪನಿ ಹಕ್ಕು ಕೊಂಡಿತು. ಸೈನ್ಯ ಅದನ್ನು ಎಂ-16 ಎಂಬ ಹೆಸರಿನಲ್ಲಿ ವಿಯೆಟ್ನಾಂಗೆ ಒಯ್ದಿತು. ಒತ್ತಿ ಹಿಡಿದರೆ ಸತತ ಹಾರುವ ಗುಣವನ್ನು ತೆಗೆದು ಅದೇ ರೈಫಲನ್ನು 1960ರ ದಶಕದಲ್ಲೇ ಜನರಿಗೂ ಮಾರತೊಡಗಿದರು.

ಗುಂಡು ಚಿಕ್ಕದು ಎಂದೆ. ಅದರ ತೂಕ ನಾಲ್ಕು ಗ್ರಾಂನಷ್ಟೂ ಇಲ್ಲ. ಆದರೆ ಸೆಕೆಂಡಿಗೆ 900 ಮೀಟರಿಗಿಂತ ಹೆಚ್ಚು ವೇಗದಲ್ಲಿ ಹೋಗುತ್ತದೆ, ಸಾಮಾನ್ಯ ಪಿಸ್ತೂಲಿನ ಗುಂಡಿನ ಎರಡು ಪಟ್ಟಿಗಿಂತ ಜಾಸ್ತಿ. ಆ ವೇಗದಿಂದಾಗಿ ಗುಂಡು ಹಾದುಹೋದ ದಾರಿಯ ಸುತ್ತಲಿನ ಮಾಂಸ, ಯಕೃತ್ತು, ಮೂಳೆ ಎಲ್ಲ ಸಿಡಿದು ಹೋಗುತ್ತವೆ. 2022ರ ಮೇ 24ರಂದು ಟೆಕ್ಸಾಸ್‌ನ ಉವಾಲ್ಡೆ ಎಂಬ ಸಣ್ಣ ಊರಿನ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳು, 2 ಶಿಕ್ಷಕಿಯರು ಸತ್ತರು. ಆ ಊರಿನ ಮಕ್ಕಳ ವೈದ್ಯ ರಾಯ್ ಗೆರೆರೊ ಎರಡು ವಾರದ ಬಳಿಕ ಅಮೆರಿಕ ಸಂಸತ್ತಿನ ಸಮಿತಿಯ ಮುಂದೆ ಕೂತು ತಾನು ಕಂಡದ್ದನ್ನು ಹೇಳಿದರು. ಎರಡು ಮಕ್ಕಳ ದೇಹ ಎಷ್ಟು ಛಿದ್ರವಾಗಿತ್ತೆಂದರೆ, ರಕ್ತ ಹತ್ತಿದ ಕಾರ್ಟೂನ್ ಚಿತ್ರದ ಅಂಗಿಯಿಂದಲೇ ಗುರುತು ಹಿಡಿಯಬೇಕಾಯಿತು. ಇಷ್ಟು ಹೇಳಿ ಮುಂದೆ ಹೋಗುತ್ತೇನೆ. ಇಲ್ಲಿ ಚಿಕ್ಕ ಮಕ್ಕಳೂ ಕೂತಿದ್ದಾರೆ.

ಆದರೆ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಹೊಡೆದವನಿಗೆ ಮೇ 16ಕ್ಕೆ 18 ವರ್ಷ ತುಂಬಿತ್ತು. ಮೇ 17ರಂದು ಒಂದು ರೈಫಲ್ ಕೊಂಡ, ಮೇ 20ರಂದು ಇನ್ನೊಂದು. ಎರಡನ್ನೂ ಕಾನೂನಿನ ಪ್ರಕಾರವೇ ಕೊಂಡ. ಅಮೆರಿಕದ ಕೇಂದ್ರ ಕಾನೂನಿನಂತೆ ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ವರ್ಷ ಆಗಿರಬೇಕು, ರೈಫಲ್‌ಗೆ 18 ಸಾಕು. ರೈಫಲ್ ಎಂದರೆ ಬೇಟೆಯ ಬಂದೂಕು, ಹಳ್ಳಿಯ ಹುಡುಗ ಅಪ್ಪನ ಜೊತೆ ಜಿಂಕೆ ಹೊಡೆಯಲು ಹೋಗುವಾಗ ಹಿಡಿಯುವಂಥದು ಎಂಬ ಕಾಲದಲ್ಲಿ ಮಾಡಿದ ಕಾನೂನು ಅದು. ರೈಫಲ್ ಬದಲಾಯಿತು, ವಯಸ್ಸು ಹಾಗೇ ಉಳಿಯಿತು. ಅಪ್ಪಯ್ಯನಿಗೆ ಎರಡು ಈಡಿನ ಕೋವಿಗೆ ತಿಂಗಳುಗಟ್ಟಲೆ ಕಾಯಿಸಿದ್ದರಲ್ಲ, ಇಲ್ಲಿ ಹುಟ್ಟುಹಬ್ಬದಿಂದ ಹತ್ಯಾಕಾಂಡದವರೆಗೆ ಎಂಟೇ ದಿನ.

ಅವತ್ತು ಶಾಲೆಗೆ ಬಂದ ಪೊಲೀಸರು 376 ಮಂದಿ. ಅವರು ಆ ತರಗತಿಯೊಳಗೆ ಹೋಗಲು ಒಂದು ಗಂಟೆ 17 ನಿಮಿಷ ಹಿಡಿಯಿತು. ಒಳಗೆ ಅಂಥ ರೈಫಲ್ ಇದೆ ಎಂಬ ಭಯ ತಡೆಗೆ ಒಂದು ಕಾರಣವಾಗಿತ್ತು ಎಂದು ಅಲ್ಲಿದ್ದ ಕೆಲವು ಅಧಿಕಾರಿಗಳೇ ತನಿಖೆಯಲ್ಲಿ ಹೇಳಿದ್ದಾರೆ. ಒಳ್ಳೆಯವನ ಕೈಯಲ್ಲಿ ಬಂದೂಕಿದ್ದರೆ ಕೆಟ್ಟವನನ್ನು ತಡೆಯಬಹುದು ಎಂಬ ಮಾತನ್ನು ಟೆಕ್ಸಾಸ್‌ನಲ್ಲಿ ದಿನಬೆಳಗಾದರೆ ಕೇಳುತ್ತಿದ್ದೆ. ಉವಾಲ್ಡೆಯ ನಂತರ ಅದನ್ನು ಯಾರಾದರೂ ಹೇಳಿದರೆ ನನಗೆ ಆ 77 ನಿಮಿಷವೇ ಕಣ್ಣಮುಂದೆ ಬರುತ್ತದೆ.

ನನ್ನ ಮಗಳು ಅಲ್ಲೇ ಹುಟ್ಟಿದವಳು. ಅವಳಿಗೆ ಆರು ವರ್ಷವಿದ್ದಾಗ ನನ್ನ ಅಮ್ಮ ನಮ್ಮನ್ನು ನೋಡಲು ಬಂದಿದ್ದರು. ಒಂದು ಮಧ್ಯಾಹ್ನ ಮಗು ಅಜ್ಜಿಯ ಕೈ ಹಿಡಿದು ಕೋಣೆಗೆ ಎಳೆದುಕೊಂಡು ಹೋಗಿ, ಬಾಗಿಲು ಹಾಕಿ, ದೀಪ ಆರಿಸಿ, ಮಂಚದ ಹಿಂದೆ ಕೂರಿಸಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಜ್ಜಿ, ಮಾತಾಡ್ಬೇಡ. ಉಸಿರೂ ಮೆಲ್ಲಗೆ ಬಿಡು." ಅಮ್ಮ ಕಣ್ಣಾಮುಚ್ಚಾಲೆ ಎಂದುಕೊಂಡಿದ್ದರು. ಅದು ಶಾಲೆಯಲ್ಲಿ ಮಾಡಿಸುವ ಕವಾಯತು, ಬಂದೂಕು ಹಿಡಿದವನು ಬಂದರೆ ಹೇಗೆ ಕೂರಬೇಕು ಎಂದು ಕಲಿಸುವುದು ಎಂದು ರಾತ್ರಿ ನಾನು ವಿವರಿಸಿದೆ. ಜೀವನವಿಡೀ ಕೋವಿ ಇರುವ ಮನೆಯಲ್ಲೇ ಬಾಳಿದ ಹೆಂಗಸು ನನ್ನ ಅಮ್ಮ. ಅವತ್ತು ಊಟ ಬಿಟ್ಟು ಎದ್ದರು.

ಇನ್ನು ರೈಫಲ್ ಇಟ್ಟುಕೊಂಡವರ ಮಾತನ್ನೂ ಕೇಳಬೇಕು. ನಮ್ಮ ನೆರೆಯವರೊಬ್ಬರಿಗೆ ಊರ ಹೊರಗೆ ಜಮೀನಿತ್ತು. ಟೆಕ್ಸಾಸ್‌ನಲ್ಲಿ ಕಾಡುಹಂದಿಯ ಕಾಟ ನಮ್ಮಲ್ಲಿಗಿಂತ ಹೆಚ್ಚು. ಒಂದು ರಾತ್ರಿಯಲ್ಲಿ ಹಿಂಡು ಇಳಿದರೆ ಮುಸುಕಿನ ಜೋಳದ ಹೊಲ ಉತ್ತಿಟ್ಟ ಹಾಗೆ ಆಗುತ್ತದೆ. ಅಲ್ಲಿ ಹೆಲಿಕಾಪ್ಟರಿನಿಂದ ಹಂದಿ ಹೊಡೆಯಲೂ ಕಾನೂನು ಅವಕಾಶ ಕೊಡುತ್ತದೆ. ಅವರು ನನ್ನನ್ನು ಕೇಳಿದರು: "ಇಪ್ಪತ್ತು ಹಂದಿ ಒಟ್ಟಿಗೆ ಬಂದರೆ ನಿನ್ನ ಅಪ್ಪನ ಎರಡು ಗುಂಡಿನಲ್ಲಿ ಏನು ಮಾಡ್ತೀಯ?" ನಮ್ಮ ಗದ್ದೆ ನೆನಪಾಗಿ ನನಗೆ ಉತ್ತರ ಹೊಳೆಯಲಿಲ್ಲ. ಅವರು ಇನ್ನೊಂದನ್ನೂ ಹೇಳುತ್ತಿದ್ದರು. 2017ರ ನವೆಂಬರಿನಲ್ಲಿ ಟೆಕ್ಸಾಸ್‌ನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಎಂಬ ಹಳ್ಳಿಯ ಚರ್ಚಿನಲ್ಲಿ ಪ್ರಾರ್ಥನೆಗೆ ಸೇರಿದ್ದವರ ಮೇಲೆ ಒಬ್ಬ ಗುಂಡು ಹಾರಿಸಿ 26 ಜನರನ್ನು ಕೊಂದ. ಕೊಲೆಗಾರನ ಕೈಯಲ್ಲಿದ್ದದ್ದು ಎಆರ್ ಮಾದರಿಯ ರೈಫಲ್. ಹತ್ತಿರದ ಮನೆಯಿಂದ ಬರಿಗಾಲಿನಲ್ಲಿ ಓಡಿಬಂದು ಅವನನ್ನು ಎದುರಿಸಿ ಓಡಿಸಿದವರ ಕೈಯಲ್ಲಿದ್ದದ್ದೂ ಎಆರ್-15. ಇದು ನಡೆದ ಸಂಗತಿ. ನಮ್ಮ ವಾದಕ್ಕೆ ಅನುಕೂಲವಲ್ಲ ಎಂದು ಮುಚ್ಚಿಡಬಾರದು.

ಇನ್ನೂ ಒಂದು ಲೆಕ್ಕವನ್ನು ಎದುರಿಸಲೇಬೇಕು. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ಕೊಲೆಗಳಲ್ಲಿ ಬಹುಪಾಲು ಪಿಸ್ತೂಲಿನಿಂದ ಆಗುವಂಥವು. ಎಲ್ಲ ಬಗೆಯ ರೈಫಲ್ ಸೇರಿಸಿದರೂ, ಬಂದೂಕಿನ ಕೊಲೆಗಳಲ್ಲಿ ಅವುಗಳಿಂದ ಆದದ್ದು ಎಂದು ದಾಖಲಾದವು ನೂರಕ್ಕೆ ಮೂರು ನಾಲ್ಕರಷ್ಟು. ಹಾಗಾದರೆ ಈ ರೈಫಲ್ ಮೇಲೆ ಇಷ್ಟೊಂದು ಕೂಗೇಕೆ ಎಂದು ಅದನ್ನು ಇಟ್ಟುಕೊಂಡವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನನಗೆ ತೋಚುವ ಉತ್ತರ ಇದು: ಪಿಸ್ತೂಲಿನ ಸಾವುಗಳಿಗೆ ಬೇರೆ ಮದ್ದು ಬೇಕು, ಅದನ್ನು ಬಿಡಬಾರದು. ಆದರೆ ಒಬ್ಬನೇ ಮನುಷ್ಯ ಕೆಲವೇ ನಿಮಿಷಗಳಲ್ಲಿ ಒಂದು ತರಗತಿಯನ್ನು, ಒಂದು ಚರ್ಚನ್ನು, ಒಂದು ಜಾತ್ರೆಯನ್ನು ಮುಗಿಸಿಬಿಡುವ ಶಕ್ತಿ ಎಲ್ಲಿಂದ ಬರುತ್ತದೆ ಎಂದು ನೋಡಿದರೆ ಮತ್ತೆ ಮತ್ತೆ ಇದೇ ರೈಫಲ್ ಸಿಗುತ್ತದೆ. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಐದು ನಿಮಿಷದೊಳಗೆ ರೈಫಲ್‌ನಿಂದ 154 ಗುಂಡು, ಸತ್ತವರು 20 ಪುಟ್ಟ ಮಕ್ಕಳು, 6 ದೊಡ್ಡವರು. 2017ರಲ್ಲಿ ಲಾಸ್ ವೇಗಸ್‌ನ ಸಂಗೀತ ಕಾರ್ಯಕ್ರಮದ ಮೇಲೆ ಹೋಟೆಲ್ ಕಿಟಕಿಯಿಂದ ಸುಮಾರು ಹತ್ತು ನಿಮಿಷದಲ್ಲಿ ಸಾವಿರಕ್ಕೂ ಹೆಚ್ಚು ಗುಂಡು. 2018ರಲ್ಲಿ ಪಾರ್ಕ್‌ಲ್ಯಾಂಡ್ ಶಾಲೆ, 17 ಸಾವು.

ಇಷ್ಟಾದರೂ ಕಾನೂನು ಯಾಕೆ ಮಾಡಲಿಲ್ಲ ಎನ್ನುತ್ತೀರಿ. ಮಾಡಿದ್ದರು. 1989ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿ ಶಾಲೆಯ ಅಂಗಳದಲ್ಲಿ ಐದು ಮಕ್ಕಳನ್ನು ಕೊಂದ ಮೇಲೆ ಆ ರಾಜ್ಯ ಮೊದಲ ನಿಷೇಧ ತಂದಿತು. 1994ರ ಸೆಪ್ಟೆಂಬರ್ 13ರಂದು ಅಧ್ಯಕ್ಷ ಕ್ಲಿಂಟನ್ ದೇಶಕ್ಕೆಲ್ಲ ಅನ್ವಯಿಸುವ ನಿಷೇಧಕ್ಕೆ ಸಹಿ ಹಾಕಿದರು. ಅದಕ್ಕೆ ಮುಂಚೆ ಮೂವರು ಮಾಜಿ ಅಧ್ಯಕ್ಷರು, ಫೋರ್ಡ್, ಕಾರ್ಟರ್, ರೇಗನ್, ನಿಷೇಧ ಬೇಕೆಂದು ಸಂಸದರಿಗೆ ಪತ್ರ ಬರೆದಿದ್ದರು. ಅವರಲ್ಲಿ ಇಬ್ಬರು ರಿಪಬ್ಲಿಕನ್ನರು. ಆ ಪಕ್ಷದಿಂದ ಇಂದು ಅಂಥ ಪತ್ರವನ್ನು ಊಹಿಸುವುದೂ ಕಷ್ಟ.

ಆದರೆ ಆ ಕಾನೂನು ಅಳೆದದ್ದು ಬಂದೂಕಿನ ವೇಷವನ್ನು. ಕಳಚುವ ಮ್ಯಾಗಜೀನ್ ಇರುವ ಸೆಮಿ ಆಟೋಮ್ಯಾಟಿಕ್ ರೈಫಲ್‌ಗೆ ಮಡಚುವ ಹಿಡಿ, ಪಿಸ್ತೂಲಿನಂಥ ಹಿಡಿಕೆ, ಬಂದೂಕಿನ ತುದಿಗೆ ಕತ್ತಿ ಸಿಕ್ಕಿಸುವ ಕೊಂಡಿ, ಬೆಂಕಿಯ ಕಿಡಿ ಮರೆಸುವ ಕೊಳವೆ, ಇಂಥವುಗಳಲ್ಲಿ ಎರಡು ಇದ್ದರೆ ನಿಷೇಧ. ತಯಾರಕರು ಕತ್ತಿಯ ಕೊಂಡಿ ತೆಗೆದರು, ಕೊಳವೆ ತೆಗೆದರು, ಅದೇ ರೈಫಲನ್ನು ಹೊಸ ಹೆಸರಿನಲ್ಲಿ ಮಾರಿದರು. ಗುಂಡಿನ ವೇಗ ಅದೇ, ಬೆರಳಿನ ಕೆಲಸ ಅದೇ. ಹತ್ತಕ್ಕಿಂತ ಹೆಚ್ಚು ಗುಂಡಿನ ಮ್ಯಾಗಜೀನ್ ಹೊಸದಾಗಿ ಮಾಡಬಾರದು ಎಂಬ ನಿಯಮವೇ ಆ ಕಾನೂನಿನ ತಿರುಳು ಎಂದು ನನಗನ್ನಿಸುತ್ತದೆ. ಆದರೆ ಅಷ್ಟರಲ್ಲೇ ಜನರ ಕೈಯಲ್ಲಿದ್ದ ಹಳೆಯವನ್ನು ಮುಟ್ಟಲಿಲ್ಲ. ಕಾನೂನಿಗೆ ಹತ್ತು ವರ್ಷದ ಆಯುಸ್ಸು ಬರೆದಿದ್ದರು. 2004ರಲ್ಲಿ ಅದು ತಾನಾಗಿ ಸತ್ತಿತು, ಯಾರೂ ಉಳಿಸಿಕೊಳ್ಳಲಿಲ್ಲ. ಅದರಿಂದ ಎಷ್ಟು ಪ್ರಯೋಜನವಾಯಿತು ಎಂಬುದರಲ್ಲಿ ಸಂಶೋಧಕರಿಗೆ ಇಂದಿಗೂ ಒಮ್ಮತವಿಲ್ಲ. ಸ್ಯಾಂಡಿ ಹುಕ್ ಇರುವ ಕನೆಕ್ಟಿಕಟ್ ರಾಜ್ಯದಲ್ಲಿ 2012ರಲ್ಲಿ ಇದೇ ಬಗೆಯ, ವೇಷ ನೋಡುವ ನಿಷೇಧ ಜಾರಿಯಲ್ಲಿತ್ತು. ಅಲ್ಲಿ ಬಳಸಿದ ರೈಫಲ್ ಆ ಕಾನೂನಿಗೆ ಒಪ್ಪುವಂಥದ್ದೇ ಆಗಿತ್ತು, ಕೊಲೆಗಾರನ ತಾಯಿ ಅಂಗಡಿಯಲ್ಲಿ ಕೊಂಡದ್ದು.

ಹೆಸರಿನ ಜಗಳವೂ ಇಲ್ಲಿಂದಲೇ ಬಂತು. ನಿಷೇಧ ಬೇಕೆನ್ನುವವರು ಅಸಾಲ್ಟ್ ವೆಪನ್ ಎನ್ನುತ್ತಾರೆ, ಅಂದರೆ ದಾಳಿಯ ಆಯುಧ. ತಯಾರಕರು ಆಧುನಿಕ ಕ್ರೀಡಾ ರೈಫಲ್ ಎನ್ನುತ್ತಾರೆ. ಟೆಕ್ಸಾಸ್‌ನಲ್ಲಿ ನೀವು ಮೊದಲನೆಯ ಹೆಸರು ಹೇಳಿದರೆ ಎದುರಿನವರು ಮುಖ ತಿರುಗಿಸುತ್ತಾರೆ: ಇವರಿಗೆ ಬಂದೂಕಿನ ಗಂಧವೂ ಇಲ್ಲ ಎಂದು. ವೇಷದ ಮೇಲೆ ಕಾನೂನು ಮಾಡಿದ ತಪ್ಪಿಗೆ ಇಂದಿಗೂ ತೆರುತ್ತಿರುವ ದಂಡ ಅದು.

ಈಗ ಆ ಇಲ್ಲದ ಅಂಕಣಕ್ಕೆ ಬರುತ್ತೇನೆ. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯಲ್ಲಿ ಇಂಗ್ಲಿಷಿನ 27 ಪದಗಳಿವೆ. ಸ್ವತಂತ್ರ ರಾಜ್ಯದ ಭದ್ರತೆಗೆ ಶಿಸ್ತಿನ ಜನಸೇನೆ ಅಗತ್ಯವಾದ್ದರಿಂದ, ಆಯುಧ ಇಟ್ಟುಕೊಳ್ಳುವ ಮತ್ತು ಧರಿಸುವ ಜನರ ಹಕ್ಕಿಗೆ ಭಂಗ ತರಬಾರದು ಎಂಬುದು ಅದರ ತಾತ್ಪರ್ಯ. ಮೊದಲ ಅರ್ಧ ಮುಖ್ಯವೋ ಎರಡನೆಯ ಅರ್ಧವೋ ಎಂದು ಇನ್ನೂರು ವರ್ಷ ಚರ್ಚೆ ನಡೆಯಿತು. 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ, ಇದು ಪ್ರತಿಯೊಬ್ಬ ವ್ಯಕ್ತಿಯ ಹಕ್ಕು, ಜನಸೇನೆಗೆ ಸೇರಿರಬೇಕಿಲ್ಲ ಎಂದಿತು. ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಹಕ್ಕಿಗೆ ಮಿತಿಗಳಿವೆ ಎಂದೂ ಸೇರಿಸಿದರು. ಸಾಮಾನ್ಯ ಬಳಕೆಯಲ್ಲಿರುವ ಆಯುಧಕ್ಕೆ ರಕ್ಷಣೆ ಉಂಟು, ಅಪಾಯಕಾರಿಯೂ ಅಸಾಧಾರಣವೂ ಆದದ್ದಕ್ಕೆ ಇಲ್ಲ ಎಂದರು.

ಸಾಮಾನ್ಯ ಬಳಕೆ ಎಂಬ ಆ ಮಾತಿನಿಂದ ಒಂದು ವಿಚಿತ್ರ ಪರಿಣಾಮವಾಯಿತು. ರೈಫಲ್ ಹೆಚ್ಚು ಹೆಚ್ಚು ಮಾರಾಟವಾದಷ್ಟೂ ಅದರ ರಕ್ಷಣೆಯ ವಾದ ಗಟ್ಟಿಯಾಗುತ್ತ ಹೋಯಿತು. ಮೇರಿಲ್ಯಾಂಡ್ ರಾಜ್ಯ 2013ರಲ್ಲಿ ಇವನ್ನು ನಿಷೇಧಿಸಿತ್ತು. ಆ ನಿಷೇಧದ ವಿರುದ್ಧದ ಮೇಲ್ಮನವಿಯನ್ನು 2025ರ ಜೂನ್ 2ರಂದು ಸುಪ್ರೀಂ ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳಲಿಲ್ಲ, ಆದ್ದರಿಂದ ನಿಷೇಧ ಉಳಿಯಿತು. ಆದರೆ ಅದೇ ದಿನ ನ್ಯಾಯಮೂರ್ತಿ ಕ್ಯಾವನಾ ಬರೆದ ಟಿಪ್ಪಣಿಯಲ್ಲಿ ದೇಶದ ಜನರ ಬಳಿ ಅಂದಾಜು ಎರಡರಿಂದ ಮೂರು ಕೋಟಿ ಎಆರ್-15 ಇವೆ, 50ರಲ್ಲಿ 41 ರಾಜ್ಯಗಳಲ್ಲಿ ಅವು ಕಾನೂನುಬದ್ಧ, ಕೋರ್ಟು ಬೇಗನೇ ಈ ಪ್ರಶ್ನೆಯನ್ನು ತೀರ್ಮಾನಿಸಬೇಕು ಎಂದಿದ್ದರು. 1994ರ ನಿಷೇಧದ ಹೊತ್ತಿಗೆ ಸಂಖ್ಯೆ ಇದರ ಹತ್ತಿರವೂ ಇರಲಿಲ್ಲ. ತಡಮಾಡಿದ್ದೇ ಒಂದು ವಾದವಾಗಿ ಬೆಳೆದು ನಿಂತಿತು.

2022ರ ಜೂನ್ 23ರಂದು, ಉವಾಲ್ಡೆಯಾಗಿ ಸರಿಯಾಗಿ ಒಂದು ತಿಂಗಳೂ ಆಗಿರಲಿಲ್ಲ, ಬ್ರುಯೆನ್ ಎಂಬ ಇನ್ನೊಂದು ತೀರ್ಪು ಬಂತು. ಅದು ಪಿಸ್ತೂಲಿಗೆ ಸಂಬಂಧಿಸಿದ್ದು, ರೈಫಲ್‌ಗಲ್ಲ. ಆದರೂ ನನ್ನ ಮಾತಿನ ಗಂಟು ಇರುವುದು ಅಲ್ಲೇ. ನ್ಯೂಯಾರ್ಕ್ ರಾಜ್ಯದಲ್ಲಿ ನೂರು ವರ್ಷಕ್ಕೂ ಹಳೆಯ ಕಾನೂನೊಂದಿತ್ತು. ಪಿಸ್ತೂಲು ಮರೆಯಲ್ಲಿಟ್ಟುಕೊಂಡು ಬೀದಿಯಲ್ಲಿ ಓಡಾಡಬೇಕಾದರೆ ತಕ್ಕ ಕಾರಣ ತೋರಿಸಬೇಕು ಎಂದು. ಅಂದರೆ ಅಪ್ಪಯ್ಯನ ಅರ್ಜಿಯಲ್ಲಿದ್ದ ಅಂಕಣವೇ. ಆರು ನ್ಯಾಯಮೂರ್ತಿಗಳು ಅದನ್ನು ಹೊಡೆದುಹಾಕಿದರು. ಸಂವಿಧಾನ ಕೊಟ್ಟ ಹಕ್ಕಿಗೆ ಕಾರಣ ಕೇಳುವಂತಿಲ್ಲ. ಬಂದೂಕಿನ ಯಾವುದೇ ಕಾನೂನು ದೇಶದ ಹಳೆಯ ಸಂಪ್ರದಾಯಕ್ಕೆ ಹೊಂದಬೇಕು ಎಂದರು. ಆಮೇಲೆ ದೇಶದ ಕೋರ್ಟುಗಳಲ್ಲೆಲ್ಲ ವಕೀಲರು 18ನೆಯ ಶತಮಾನದ ಕಾನೂನು ಪುಸ್ತಕಗಳನ್ನು ಹುಡುಕತೊಡಗಿದರು. ಒಂದು ಗುಂಡು ಹಾರಿಸಿ ಮತ್ತೆ ಮದ್ದು ತುಂಬುತ್ತಿದ್ದ ಕಾಲದವರು 30 ಗುಂಡಿನ ಮ್ಯಾಗಜೀನ್ ಬಗ್ಗೆ ಏನು ಹೇಳಿರಲು ಸಾಧ್ಯ?

ನಮ್ಮ ದೇಶದಲ್ಲೂ ಇದೇ ಪ್ರಶ್ನೆ ಎದ್ದಿತ್ತು ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1878ರ ಆಯುಧ ಕಾಯ್ದೆಯಿಂದ ಬ್ರಿಟಿಷರು ಭಾರತೀಯರ ಕೈಯಿಂದ ಆಯುಧ ಕಿತ್ತುಕೊಂಡರು ಎಂಬ ಸಿಟ್ಟು ಸ್ವಾತಂತ್ರ್ಯ ಹೋರಾಟದಲ್ಲಿ ಆಳವಾಗಿತ್ತು. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕು ಎಂಬ ಸಾಲೂ ಇತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಮೂಲಭೂತ ಹಕ್ಕುಗಳ ಚರ್ಚೆ ನಡೆಯುವಾಗ ಅದನ್ನು ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದವರು ಎಚ್.ವಿ. ಕಾಮತ್, ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ಅವತ್ತು ಅದು ಗೆದ್ದಿದ್ದರೆ ಅಪ್ಪಯ್ಯನಿಗೆ ಕಾರಣ ಕೇಳುವುದು ಇಷ್ಟು ಸುಲಭವಾಗಿ ಉಳಿಯುತ್ತಿತ್ತೋ ಇಲ್ಲವೋ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಹೂವಿಟ್ಟು ಪೂಜಿಸುವ ಕೋವಿಗೂ ನಾನು ಹೇಳುತ್ತಿರುವ ರೈಫಲ್‌ಗೂ ಹೋಲಿಕೆ ಬೇಡ. ಸೈನ್ಯದ ಗುಂಡು ಹೊಂದುವ ಬಂದೂಕುಗಳನ್ನು ನಮ್ಮ ಕಾನೂನು ನಿಷೇಧಿತ ಬೋರ್ ಎಂದು ಬೇರೆಯಾಗಿಯೇ ಇಟ್ಟಿದೆ. ಅದು ವೇಷ ನೋಡುವುದಿಲ್ಲ, ಬಂದೂಕಿನ ಹೊಟ್ಟೆಯೊಳಗೆ ಯಾವ ಗುಂಡು ಹೋಗುತ್ತದೆ ಎಂದು ನೋಡುತ್ತದೆ.

ಕೃಷಿಕರೇ ಹೆಚ್ಚಿರುವ ಈ ಸಭೆಗೆ ಆಸ್ಟ್ರೇಲಿಯಾದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದೂ ಬಂದೂಕಿನ ದೇಶವೇ. ಅಲ್ಲೂ ಮೊಲ, ಕಾಂಗರೂ, ಕಾಡುಹಂದಿಗಳ ಕಾಟ. 1996ರ ಏಪ್ರಿಲ್ 28ರಂದು ಟಾಸ್ಮೇನಿಯಾದ ಪೋರ್ಟ್ ಆರ್ಥರ್ ಎಂಬ ಪ್ರವಾಸಿ ತಾಣದಲ್ಲಿ ಒಬ್ಬ ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳಿಂದ 35 ಜನರನ್ನು ಕೊಂದ. ಪ್ರಧಾನಿ ಜಾನ್ ಹೊವರ್ಡ್ ಸಂಪ್ರದಾಯವಾದಿ ಪಕ್ಷದವರು, ಅಧಿಕಾರಕ್ಕೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಹನ್ನೆರಡೇ ದಿನದಲ್ಲಿ ಎಲ್ಲ ರಾಜ್ಯಗಳನ್ನು ಒಂದು ಒಪ್ಪಂದಕ್ಕೆ ತಂದರು. ವೇಷ ನೋಡಲಿಲ್ಲ. ತಾನಾಗಿ ಗುಂಡು ತುಂಬಿಕೊಳ್ಳುವ ರೈಫಲ್‌ಗಳನ್ನು ಜನಸಾಮಾನ್ಯರಿಂದ ತೆಗೆದರು. ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಸರ್ಕಾರ ಬೆಲೆ ಕೊಟ್ಟು ಕೊಂಡು ಪುಡಿಮಾಡಿತು. ಮಿಕ್ಕ ಬಂದೂಕು ಬೇಕಾದವರು ನಿಜವಾದ ಕಾರಣ ತೋರಿಸಬೇಕು: ಕೃಷಿ, ಬೇಟೆ, ಗುರಿ ಅಭ್ಯಾಸದ ಕ್ಲಬ್ಬು. ಆತ್ಮರಕ್ಷಣೆಯನ್ನು ಕಾರಣವಾಗಿ ಒಪ್ಪುವುದಿಲ್ಲ.

ಹಳ್ಳಿಗಳಲ್ಲಿ ದೊಡ್ಡ ಪ್ರತಿಭಟನೆಗಳಾದವು. ಸಿಟ್ಟಾದ ಬಂದೂಕುದಾರರ ಸಭೆಯೊಂದಕ್ಕೆ ಹೊವರ್ಡ್ ಅಂಗಿಯ ಒಳಗೆ ಗುಂಡು ತಡೆಯುವ ಕವಚ ತೊಟ್ಟು ಹೋಗಿದ್ದರು, ಆಮೇಲೆ ಅದಕ್ಕೆ ಪಶ್ಚಾತ್ತಾಪ ಪಟ್ಟರು. ನನಗೆ ಅವರಿಗಿಂತ ದೊಡ್ಡವರಾಗಿ ಕಾಣುವುದು ಉಪಪ್ರಧಾನಿ ಟಿಮ್ ಫಿಶರ್. ರೈತರ ಪಕ್ಷದ ನಾಯಕ, ಸ್ವತಃ ರೈತ, ವಿಯೆಟ್ನಾಂನಲ್ಲಿ ಹೋರಾಡಿದ ಸೈನಿಕ. ತಮಗೇ ಮತ ಹಾಕಿದ ಹಳ್ಳಿಗಳಿಗೆ ಹೋಗಿ, ತಮ್ಮದೇ ಜನರ ಬೈಗುಳ ತಿಂದು, ಇದನ್ನು ಮಾಡಲೇಬೇಕು ಎಂದು ಎದುರಾಎದುರು ನಿಂತು ಹೇಳಿದರು. ಆಮೇಲೆ ಅಲ್ಲಿ ಗುಂಡಿನ ಸಾವೇ ಇಲ್ಲವಾಯಿತು ಎಂದು ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಆದರೆ ಅಲ್ಲಿನ ರೈತರ ಕೈಯಲ್ಲಿ ಇಂದಿಗೂ ಬಂದೂಕಿದೆ, ಬೆಳೆಯೂ ಉಳಿದಿದೆ. ನ್ಯೂಜಿಲೆಂಡ್ ಕೂಡ 2019ರಲ್ಲಿ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನ ಸತ್ತ ಮೇಲೆ ಒಂದು ತಿಂಗಳೊಳಗೆ ಇದೇ ದಾರಿ ಹಿಡಿಯಿತು. ಸಂಸತ್ತಿನಲ್ಲಿ 119 ಮತ ಪರ, ಒಂದೇ ಒಂದು ವಿರೋಧ.

ನನ್ನ ನೆರೆಯವರ ಹಂದಿಯ ಪ್ರಶ್ನೆಗೆ ನನಗೆ ಉತ್ತರ ಹೊಳೆದದ್ದು ಇದನ್ನೆಲ್ಲ ಓದಿದ ಮೇಲೆ. ಅವರ ಬಳಿ ಒಳ್ಳೆಯ ಕಾರಣವಿತ್ತು. ಯಾಕೆ ಬೇಕು ಎಂದು ಕೇಳಿದ್ದರೆ ಅವರು ನೇರವಾಗಿ ಉತ್ತರಿಸುತ್ತಿದ್ದರು, ಜಮೀನು ತೋರಿಸುತ್ತಿದ್ದರು, ನಾಲ್ಕು ವಾರ ಕಾಯುತ್ತಿದ್ದರು. ಕಾರಣವಿರುವವರಿಗೆ ಆ ಪ್ರಶ್ನೆಯಿಂದ ಹೋಗುವುದು ಒಂದಿಷ್ಟು ಹೊತ್ತು. ಕಾರಣವೇ ಇಲ್ಲದ, 18 ತುಂಬಿದ ಮರುದಿನ ಅಂಗಡಿಗೆ ಬಂದವನಿಗೆ ಆ ಪ್ರಶ್ನೆ ಎದುರಾಗಿದ್ದರೆ, ಕಡೇಪಕ್ಷ ಮೇ 24ರಂದು ಅವನ ಕೈ ಬರಿದಾಗಿರುತ್ತಿತ್ತು.

ಬರುವ ವರ್ಷ ನನ್ನ ಮಗಳಿಗೆ 18. ಅವಳು ಟೆಕ್ಸಾಸ್‌ನಲ್ಲೇ ಓದುತ್ತಿದ್ದಾಳೆ. ಅವಳಿಗೆ ಅಲ್ಲಿ ಬಿಯರ್ ಮಾರುವಂತಿಲ್ಲ, ಅಂಗಡಿಯಲ್ಲಿ ಪಿಸ್ತೂಲು ಕೊಡುವಂತಿಲ್ಲ, ಎರಡಕ್ಕೂ 21 ಆಗಬೇಕು. ಎಆರ್-15 ಕೊಡಬಹುದು. ಉವಾಲ್ಡೆಯ ನಂತರ ಬಂದ ಕೇಂದ್ರ ಕಾನೂನಿನಿಂದಾಗಿ 21ಕ್ಕಿಂತ ಚಿಕ್ಕವರ ದಾಖಲೆಗಳನ್ನು ಇನ್ನಷ್ಟು ಜಾಲಾಡುತ್ತಾರೆ, ಅದಕ್ಕಾಗಿ ಹತ್ತು ಕೆಲಸದ ದಿನಗಳವರೆಗೂ ತೆಗೆದುಕೊಳ್ಳಬಹುದು. ಯಾಕೆ ಎಂದು ಮಾತ್ರ ಕೇಳುವುದಿಲ್ಲ.

*

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದರು. "ಅಲ್ಲ, ಎರಡು ಮೂರು ಕೋಟಿ ರೈಫಲ್ ಅಂದ್ರಲ್ಲ, ಅಷ್ಟನ್ನೂ ಹಿಂದೆ ತಗೊಳ್ಳೋಕೆ ಆಗ್ತದಾ?"

ಆಗುವುದಿಲ್ಲ ಎಂದೆ. ಆಸ್ಟ್ರೇಲಿಯಾ ತೆಗೆದದ್ದು ಆರೂವರೆ ಲಕ್ಷ. ಅಮೆರಿಕದಲ್ಲಿ ಎಲ್ಲ ಬಗೆಯವೂ ಸೇರಿ ಜನರ ಕೈಯಲ್ಲಿರುವ ಬಂದೂಕುಗಳು 2017ರ ಅಂದಾಜಿನಂತೆ 39.3 ಕೋಟಿ, ಅಲ್ಲಿನ ಜನಸಂಖ್ಯೆಗಿಂತ ಹೆಚ್ಚು. ಮನೆಮನೆಗೆ ಹೋಗಿ ತೆಗೆಯುತ್ತೇವೆ ಎಂದರೆ ಆ ದೇಶ ಒಪ್ಪುವುದಿಲ್ಲ, ಹಾಗೆ ಹೇಳಿ ಜನರನ್ನು ಹೆದರಿಸಬಾರದು ಕೂಡ. ಆದರೆ ವಯಸ್ಸನ್ನು 21ಕ್ಕೆ ಏರಿಸಬಹುದು. ದೊಡ್ಡ ಮ್ಯಾಗಜೀನ್ ಮಾರಾಟ ನಿಲ್ಲಿಸಬಹುದು. ಇಲಿನಾಯ್ 2023ರಲ್ಲಿ ಮಾಡಿದ ಹಾಗೆ ಹೊಸ ಮಾರಾಟ ನಿಲ್ಲಿಸಿ, ಇದ್ದವರು ದಾಖಲು ಮಾಡಿಸಿ ಎನ್ನಬಹುದು. ಕೋರ್ಟು ಇವುಗಳಲ್ಲಿ ಯಾವುದನ್ನು ಉಳಿಸುತ್ತದೆ ಎಂಬುದರ ಮೇಲೆ ಮುಂದಿನದು.

ಅವರು ಕೂರಲಿಲ್ಲ. "ಕೇಳ್ಬೇಕು ಅಂದ್ರಿ, ಒಪ್ಪಿದೆ. ಆದ್ರೆ ನನ್ನ ಕೋವಿನ ಮಗನ ಹೆಸರಿಗೆ ಮಾಡ್ಸೋಕೆ ಎರಡು ವರ್ಷದಿಂದ ಅಲೀತಾ ಇದೀನಿ. ಕೇಳಿದ್ದನ್ನೇ ಕೇಳ್ತಾರೆ. ಅಷ್ಟರಲ್ಲಿ ಹಂದಿ ಮೂರು ಬೆಳೆ ತಿಂದ್ವು."

ಸಭೆಯಲ್ಲಿ ಹಲವರು ಹೌದು ಹೌದು ಎಂದರು. ನಾನೂ ಹೌದು ಎಂದೆ. ಕೇಳುವ ಅಧಿಕಾರ ಇಟ್ಟುಕೊಂಡವರಿಗೆ ಉತ್ತರವನ್ನು ಓದಿ, ಒಂದು ದಿನಾಂಕದೊಳಗೆ ಹೌದೋ ಅಲ್ಲವೋ ಹೇಳುವ ಹೊಣೆಯೂ ಇದೆ. ಟೆಕ್ಸಾಸ್‌ನ ನನ್ನ ನೆರೆಯವರಿಗೆ ಇದ್ದ ದೊಡ್ಡ ಭಯವೂ ಇದೇ ಆಗಿತ್ತು: ಒಮ್ಮೆ ಕಾರಣ ಕೇಳಲು ಬಿಟ್ಟರೆ, ಕೊಟ್ಟ ಕಾರಣವನ್ನು ಕಡತದಲ್ಲಿ ಕೂರಿಸಿ ಮರೆಯುತ್ತಾರೆ ಎಂದು. ಆ ಭಯ ಸುಳ್ಳು ಎಂದು ನಾನು ಅವರಿಗೆ ಹೇಳಲು ಆಗಿರಲಿಲ್ಲ. ಆ ಹಿರಿಯರ ಅರ್ಜಿಯ ಸಂಖ್ಯೆ ಬರೆದುಕೊಂಡಿದ್ದೇನೆ. ಬರುವ ಸೋಮವಾರ ಅವರ ಜೊತೆ ಕಚೇರಿಗೆ ಹೋಗುತ್ತಿದ್ದೇನೆ.